ಪಾದೆಯ ಹೂವಿಗೂ ಒಂದು ಹೆಸರಿದೆ: ಗುರುತಿಸಲು ಒಂದು ಫೋಟೊ ಸಾಲದು, ಐದು ಬೇಕು

ಉಡುಪಿ: ಅಷ್ಟಮಿ, ಚೌತಿ ಹೊತ್ತಿಗೆ ಮಳೆ ಸ್ವಲ್ಪ ಹೊಳವಾದರೆ ಸಾಕು, ಜಿಲ್ಲೆಯ ಮುರಕಲ್ಲು ಪಾದೆಗಳ ಮೇಲೆ ನೀಲಿ, ಬಿಳಿ, ಹಳದಿ ಬಣ್ಣದ ಪುಟ್ಟ ಪುಟ್ಟ ಹೂಗಳು ಅರಳಿ ನಿಲ್ಲುತ್ತವೆ. ಪದವು, ಪಾದೆ, ಹಾಡಿ ಅಂತ ಒಂದೊಂದು ಊರಲ್ಲಿ ಒಂದೊಂದು ಹೆಸರಿರುವ ಈ ಜಾಗಗಳನ್ನು ನಾವು ದಿನಾ ಬೈಕಿನಲ್ಲಿ ದಾಟಿ ಹೋಗುತ್ತೇವೆ. ಆದರೆ ಇಂಥದ್ದೇ ಹೂಗಳನ್ನು ನೋಡಲು ನಮ್ಮ ಕಡೆಯ ಜನ ರಾತ್ರಿಯಿಡೀ ಕಾರು ಓಡಿಸಿಕೊಂಡು ಮಹಾರಾಷ್ಟ್ರದ ಸತಾರಾ ಹತ್ತಿರದ ಕಾಸ್ ಪ್ರಸ್ಥಭೂಮಿಗೆ ಹೋಗುವುದುಂಟು. ಕಾಸ್ 2012ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಒಂದು. ಅಲ್ಲಿ ಹೂವಿನ ಕಾಲದಲ್ಲಿ ಟಿಕೆಟ್ ಇದೆ, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ.

ನಮ್ಮ ಪಾದೆಗೆ ಟಿಕೆಟ್ಟೂ ಇಲ್ಲ, ಹೆಸರೂ ಇಲ್ಲ. ಕೇಳಿದರೆ "ಅದಾ, ಪಾಳು ಜಾಗ" ಅಂತಾರೆ. ಏನೂ ಇಲ್ಲ ಅಂತ ಎಲ್ಲರೂ ಒಪ್ಪಿಕೊಂಡ ಜಾಗದಲ್ಲಿ ಕಲ್ಲು ಕೋರೆ ಬಂದರೂ, ಕಸ ಬಿದ್ದರೂ ಕೇಳುವವರು ಇರುವುದಿಲ್ಲ. ಅಲ್ಲಿ ಏನಿದೆ ಎಂದು ಹೇಳಬೇಕಾದರೆ ಮೊದಲು ಹೂವಿನ ಹೆಸರು ಗೊತ್ತಿರಬೇಕು. ಹೆಸರು ಗೊತ್ತಾಗಬೇಕಾದರೆ ಸರಿಯಾದ ಫೋಟೊ ಬೇಕು. ಅದಕ್ಕೆ ದೊಡ್ಡ ಕ್ಯಾಮೆರಾ ಬೇಕಾಗಿಲ್ಲ, ಜೇಬಿನಲ್ಲಿರುವ ಮೊಬೈಲ್ ಸಾಕು.

ಕಲ್ಲಿನ ಮೇಲೆ ಹೂ ಹೇಗೆ?

ಮನೆ ಕಟ್ಟಲು ನಾವು ಬಳಸುವ ಕೆಂಪು ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಬಂದದ್ದು ಈ ಸೀಮೆಗಳಲ್ಲಿ ತಿರುಗಾಡಿದ ವ್ಯಕ್ತಿಯಿಂದಲೇ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಹೆಸರು ಕೊಟ್ಟ. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಅಂದರೆ ಇಟ್ಟಿಗೆ. ಇಟ್ಟಿಗೆಯಂತೆ ಕಡಿದು ತೆಗೆಯಬಹುದಾದ ಕಲ್ಲು ಅಂತ ಅರ್ಥ.

ಪಾದೆಯ ಮೇಲೆ ಮಣ್ಣು ಇರುವುದು ಬೆರಳಿನಷ್ಟು ದಪ್ಪ, ಕೆಲವೆಡೆ ಅದೂ ಇಲ್ಲ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ಪಾದೆಯ ತಗ್ಗುಗಳಲ್ಲಿ ನೀರು ನಿಲ್ಲುತ್ತದೆ. ಅದೇ ಕಲ್ಲು ಮಾರ್ಚ್ ತಿಂಗಳಲ್ಲಿ ಬರಿಗಾಲು ಇಡಲಾಗದಷ್ಟು ಸುಡುತ್ತದೆ. ಹಾಗಾಗಿ ಇಲ್ಲಿಯ ಹೆಚ್ಚಿನ ಗಿಡಗಳು ಮೂರ್ನಾಲ್ಕು ತಿಂಗಳಲ್ಲಿ ಮೊಳೆತು, ಹೂ ಬಿಟ್ಟು, ಬೀಜ ಉದುರಿಸಿ ಮುಗಿಸಿಬಿಡುತ್ತವೆ. ಬೇಸಗೆಯಲ್ಲಿ ಪಾದೆ ಬೋಳಾಗಿ ಕಾಣುವುದು ಅದಕ್ಕೇ. ಬೀಜಗಳು ಕಲ್ಲಿನ ಸಂದಿಯಲ್ಲಿ ಮುಂದಿನ ಮಳೆಗೆ ಕಾದು ಕೂತಿರುತ್ತವೆ.

ಮಣ್ಣಲ್ಲಿ ಸಾರಜನಕ ಕಡಿಮೆ. ಅದನ್ನು ತುಂಬಿಕೊಳ್ಳಲು ಕೆಲವು ಗಿಡಗಳು ಹುಳುಗಳನ್ನೇ ಹಿಡಿದು ತಿನ್ನುತ್ತವೆ. ನಾವು ಶಾಲೆಯ ಪಾಠದಲ್ಲಿ ಓದಿದ ಕೀಟಾಹಾರಿ ಸಸ್ಯಗಳು ಇವೇ. ಪಾದೆಯ ಒದ್ದೆ ಜಾಗದಲ್ಲಿ ಹರಡುವ ನೀಲಿ ನೇರಳೆ ಹೂವು ಯುಟ್ರಿಕುಲೇರಿಯಾ. ಅದರ ಬುಡದಲ್ಲಿ ಸಾಸಿವೆಗಿಂತ ಚಿಕ್ಕ ಚೀಲಗಳಿದ್ದು, ಹತ್ತಿರ ಬಂದ ನೀರಿನ ಹುಳುವನ್ನು ಕಣ್ಣು ಮಿಟುಕಿಸುವುದರೊಳಗೆ ಒಳಗೆಳೆದುಕೊಳ್ಳುತ್ತವೆ. ಪಕ್ಕದಲ್ಲೇ ನೆಲಕ್ಕಂಟಿದಂತೆ ಕೆಂಪಗೆ, ನಾಣ್ಯದಷ್ಟಗಲ ಇರುವುದು ಡ್ರಾಸೆರಾ. ಅದರ ಎಲೆ ತುಂಬ ಅಂಟಿನ ಹನಿಗಳು. ಬೆಳಗಿನ ಬಿಸಿಲಿಗೆ ಇಬ್ಬನಿಯಂತೆ ಹೊಳೆಯುವ ಈ ಹನಿಗಳಿಗೆ ಬಂದು ಕೂತ ಸೊಳ್ಳೆ ಮತ್ತೆ ಏಳುವುದಿಲ್ಲ.

ಯಾವ ತಿಂಗಳು, ಯಾವ ಹೂ?

ಮೇ ಕೊನೆ, ಜೂನ್: ಮೊದಲ ಮಳೆಗೆ ಕಾಡರಿಶಿನದ ಹೂ ನೆಲದಿಂದಲೇ ಏಳುತ್ತದೆ. ರಸ್ತೆ ಬದಿಯ ಹಳೇ ಮರಗಳಲ್ಲಿ ಸೀತಾಳೆ ದಂಡೆ ಜೋತು ಬೀಳುತ್ತದೆ.

ಜುಲೈ, ಆಗಸ್ಟ್: ಬೇಲಿಗಳಲ್ಲಿ ಕೆಂಪು ಹಳದಿಯ ಅಗ್ನಿಶಿಖೆ, ಹಾಡಿಯ ಅಂಚಿನಲ್ಲಿ ನೇರಳೆ ಬಣ್ಣದ ನೆಕ್ಕರೆ, ಬಂಡೆ ಸಂದಿಯಲ್ಲಿ ಕಾಡು ಕರ್ಣಕುಂಡಲ.

ಆಗಸ್ಟ್ ಕೊನೆ, ಸೆಪ್ಟೆಂಬರ್: ಪಾದೆಯ ಮುಖ್ಯ ಹೂಗಾಲ. ನೀಲಿ ಯುಟ್ರಿಕುಲೇರಿಯಾ, ಅಂಗಿಯ ಬಿಳಿ ಗುಂಡಿಗಳನ್ನು ಕಡ್ಡಿಗೆ ಸಿಕ್ಕಿಸಿದಂತೆ ಕಾಣುವ ಎರಿಯೊಕಾಲಾನ್, ಮುಟ್ಟಿದರೆ ಮುನಿಯಂತೆ ಎಲೆ ಮಡಚುವ ಹಳದಿ ಹೂವಿನ ಸ್ಮಿಥಿಯಾ.

ಅಕ್ಟೋಬರ್: ನೀರು ಇಂಗಿದಂತೆ ಹುಲ್ಲು ಕೆಂಪಾಗುತ್ತದೆ. ಬೀಜ, ಕಾಯಿಗಳ ಫೋಟೊಗೆ ಇದೇ ಸಮಯ.

ನಮ್ಮ ಹಬ್ಬಗಳಿಗೂ ಈ ಹೂಗಳಿಗೂ ನಂಟಿದೆ. ಸೋಣ ತಿಂಗಳ ಹೊಸ್ತಿಲು ಪೂಜೆಗೆ ಬೇಲಿ ಬದಿಯ ಹೂ ಕೊಯ್ದು ತರುವ ಪದ್ಧತಿ ಇನ್ನೂ ಇದೆ. ಕೊಂಕಣಿ ಮನೆಗಳಲ್ಲಿ ಶ್ರಾವಣದ ಶುಕ್ರವಾರ, ಭಾನುವಾರ ಚೂಡಿ ಪೂಜೆ. ಗರಿಕೆ ಜೊತೆ ಹತ್ತಾರು ಬಗೆಯ ಸಣ್ಣ ಹೂಗಳನ್ನು ಬಾಳೆನಾರಿನಲ್ಲಿ ಕಟ್ಟುವುದೇ ಚೂಡಿ. ಪೇಟೆಯಲ್ಲಿ ಚೂಡಿ ಮಾರಲು ಕೂರುವ ಹೆಂಗಸರಿಗೆ ಗೊತ್ತಿರುವಷ್ಟು ಹೂವಿನ ಹೆಸರು ಹೆಚ್ಚಿನವರಿಗೆ ಗೊತ್ತಿಲ್ಲ. ಮುಂದಿನ ಸಲ ಚೂಡಿ ಕೊಳ್ಳುವಾಗ ಒಂದೊಂದೇ ಹೂ ತೋರಿಸಿ ಹೆಸರು ಕೇಳಿ ನೋಡಿ. ತುಳುವಿನಲ್ಲೊಂದು, ಕೊಂಕಣಿಯಲ್ಲೊಂದು, ಕುಂದಾಪ್ರ ಕನ್ನಡದಲ್ಲೊಂದು ಸಿಗುತ್ತದೆ. ಮೂರನ್ನೂ ಬರೆದಿಟ್ಟುಕೊಳ್ಳಿ.

ಒಂದು ಗಿಡಕ್ಕೆ ಐದು ಫೋಟೊ

ಹೆಚ್ಚಿನವರು ಮಾಡುವುದೇನು? ಹೂವಿನ ಎದುರು ಮೊಬೈಲ್ ಹಿಡಿದು ಒಂದು ಕ್ಲಿಕ್. ಗ್ರೂಪಿಗೆ ಹಾಕಿ "ಇದು ಯಾವ ಹೂ?" ಅಂತ ಒಂದು ಪ್ರಶ್ನೆ. ಗಿಡ ಬಲ್ಲವರಿಗೂ ಅದರಿಂದ ಹೇಳಲಾಗುವುದಿಲ್ಲ. ಹಳದಿ ಹೂ ನೂರಾರು ಇವೆ, ಬೇರೆ ಬೇರೆ ಅಂತ ತೋರಿಸುವುದು ಎಲೆ, ಕಾಂಡ, ಕಾಯಿ. ಹಾಗಾಗಿ ಒಂದು ಗಿಡ ಸಿಕ್ಕಿದರೆ ಈ ಐದು ಫೋಟೊ ತೆಗೆಯಿರಿ.

1. ಇಡೀ ಗಿಡ. ಬುಡದಿಂದ ತುದಿಯವರೆಗೆ, ಸುತ್ತಲಿನ ಜಾಗವೂ ಕಾಣುವಂತೆ. ನಿಂತ ನೀರಿನಲ್ಲಿದೆಯಾ, ಬರಿ ಕಲ್ಲಿನ ಮೇಲಿದೆಯಾ, ಬೇಲಿಗೆ ಹಬ್ಬಿದೆಯಾ ಅಂತ ಗೊತ್ತಾಗಬೇಕು.

2. ಎಲೆ ಮತ್ತು ಕಾಂಡ. ಎಲೆಗಳು ಎದುರುಬದುರಾಗಿ ಜೋಡಿಯಾಗಿವೆಯೋ, ಒಂದಾದ ಮೇಲೊಂದು ಬಂದಿವೆಯೋ, ಸುತ್ತಲೂ ಗುಂಪಾಗಿವೆಯೋ ಕಾಣಲಿ. ಕಾಂಡ ಉರುಟೋ ಚೌಕವೋ ನೋಡಿ. ತುಂಬೆಯ ಕಾಂಡ ಚೌಕ. ನೆಕ್ಕರೆಯ ಎಲೆಯಲ್ಲಿ ಬುಡದಿಂದ ತುದಿಗೆ ಮೂರರಿಂದ ಐದು ಗೀರು ನರಗಳು ಓಡುತ್ತವೆ. ಹೂವಿಲ್ಲದಿದ್ದರೂ ಆ ಎಲೆ ನೋಡಿದರೆ ಸಾಕು.

3. ಹೂ, ಎದುರಿನಿಂದ. ಎಸಳು ಎಷ್ಟು ಅಂತ ಎಣಿಸಲು ಬರಬೇಕು. ಕೇಪಳಕ್ಕೆ ನಾಲ್ಕು, ನೆಕ್ಕರೆಗೆ ಐದು, ಅಗ್ನಿಶಿಖೆಗೆ ಆರು.

4. ಹೂ, ಪಕ್ಕದಿಂದ ಮತ್ತು ಹಿಂದಿನಿಂದ. ಜನ ಮರೆಯುವುದು ಇದನ್ನೇ. ಕರ್ಣಕುಂಡಲದ ಹಿಂದೆ ಬಾಲದಂಥ ಕೊಳವೆ ಇರುತ್ತದೆ, ಯುಟ್ರಿಕುಲೇರಿಯಾಕ್ಕೂ ಇದೆ. ಎದುರಿನಿಂದ ತೆಗೆದರೆ ಅದು ಕಾಣುವುದೇ ಇಲ್ಲ.

5. ಅಳತೆ ಸಹಿತ ಒಂದು. ಹೂವಿನ ಪಕ್ಕ ಒಂದು ನಾಣ್ಯ ಅಥವಾ ಮಕ್ಕಳ ಸ್ಕೇಲ್ ಇಟ್ಟು ತೆಗೆಯಿರಿ. ಕಾಯಿ ಇದ್ದರೆ ಅದೂ ಇದರಲ್ಲಿ ಬರಲಿ.

ಇದಕ್ಕೆಲ್ಲ ಹೂ ಕೊಯ್ಯಬೇಕಾಗಿಲ್ಲ. ಪಾದೆಯ ಗಿಡ ವರ್ಷಕ್ಕೊಮ್ಮೆ ಬೀಜವಾಗಿ ಮತ್ತೆ ಹುಟ್ಟುವಂಥದ್ದು. ಹೂ ಕಿತ್ತರೆ ಮುಂದಿನ ವರ್ಷದ ಬೀಜ ಕಿತ್ತಂತೆ.

ಮೊಬೈಲಿನಲ್ಲಿ ಸ್ಪಷ್ಟ ಬರುವುದಿಲ್ಲ ಅಂತೀರಾ?

ಮೊದಲು ಲೆನ್ಸ್ ಒರೆಸಿ. ಮಳೆಗಾಲದಲ್ಲಿ ಜೇಬಿನ ಸೆಖೆಗೆ ಲೆನ್ಸ್ ಮಂಜು ಹಿಡಿದಿರುತ್ತದೆ, ಅರ್ಧ ಸಮಸ್ಯೆ ಅದೇ.

ಮೋಡ ಕವಿದ ಬೆಳಗ್ಗೆ ಏಳರಿಂದ ಹತ್ತು ಗಂಟೆಯೊಳಗಿನ ಬೆಳಕು ಹೂವಿಗೆ ಒಳ್ಳೆಯದು. ನೆತ್ತಿ ಬಿಸಿಲಿನಲ್ಲಿ ಬಿಳಿ ಹೂ ಸುಣ್ಣ ಬಳಿದಂತೆ ಬರುತ್ತದೆ. ಬೇರೆ ಹೊತ್ತು ಸಿಗದಿದ್ದರೆ ಕೊಡೆ ಹಿಡಿದು ನೆರಳು ಮಾಡಿ. ಮೊಬೈಲ್ ಪರದೆಯಲ್ಲಿ ಹೂವಿನ ಮೇಲೆ ಬೆರಳು ಒತ್ತಿದರೆ ಫೋಕಸ್ ಆಗುತ್ತದೆ. ಪಕ್ಕದಲ್ಲಿ ಬರುವ ಸೂರ್ಯನ ಚಿಹ್ನೆಯನ್ನು ಸ್ವಲ್ಪ ಕೆಳಗೆಳೆದರೆ ಬಿಳಿ ಹೂವಿನ ಗೆರೆಗಳು ಕಾಣುತ್ತವೆ. ಹಾಗಂತ ಎಲ್ಲ ಹೂವೂ ಬೆಳಗ್ಗೆಯೇ ಸಿಗುವುದಿಲ್ಲ. ಕೆಲವು ಹೂಗಳು ದಿನಕ್ಕೆ ಕೆಲವೇ ಗಂಟೆ ಅರಳಿ ಮುಚ್ಚಿಕೊಳ್ಳುತ್ತವೆ. ನಿನ್ನೆ ಕಂಡದ್ದು ಇವತ್ತು ಕಾಣದಿದ್ದರೆ ಬೇರೆ ಹೊತ್ತಿಗೆ ಹೋಗಿ ನೋಡಿ.

ತೀರಾ ಹತ್ತಿರ ಹೋದರೆ ಫೋಕಸ್ ಸಿಗಲ್ಲ. ಒಂದು ಗೇಣು ಹಿಂದೆ ಬಂದು, ಎರಡು ಪಟ್ಟು ಝೂಮ್ ಮಾಡಿ ತೆಗೆಯಿರಿ. ಹೂ ತೀರಾ ಚಿಕ್ಕದಾಗಿದ್ದು ಮೊಬೈಲ್ ಹಿಂದಿನ ಹುಲ್ಲಿಗೇ ಫೋಕಸ್ ಮಾಡುತ್ತಿದ್ದರೆ, ಹೂವಿನ ಹಿಂದೆ ಅಂಗೈ ಅಥವಾ ಕಪ್ಪು ರಟ್ಟಿನ ಪುಸ್ತಕ ಅಡ್ಡ ಹಿಡಿಯಿರಿ. ಗಾಳಿಗೂ ಅದು ತಡೆ. ನಿಂತು ಮೇಲಿನಿಂದ ತೆಗೆಯುವ ಬದಲು ಕುಕ್ಕರುಗಾಲಲ್ಲಿ ಕೂತು ಹೂವಿನ ಎತ್ತರಕ್ಕೆ ಮೊಬೈಲ್ ತನ್ನಿ.

ಇನ್ನೊಂದು ವಿಷಯ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆನ್ ಇರಲಿ. ತಾರೀಕು, ಜಾಗ ಎರಡೂ ಫೋಟೊದೊಳಗೇ ದಾಖಲಾಗುತ್ತವೆ. ಆದರೆ ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಈ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ.

ಹೆಸರು ಒಂದೇ, ಗಿಡ ಎರಡು

ಗುರುತು ತಪ್ಪಿದರೆ ಏನಾಗುತ್ತದೆ ಮಹಾ ಅಂತ ಕೇಳಬಹುದು. 'ಗೌರಿ ಹೂ' ಎಂಬ ಹೆಸರನ್ನೇ ನೋಡಿ. ಕೆಲವರು ಕರ್ಣಕುಂಡಲಕ್ಕೆ ಗೌರಿ ಹೂ ಅಂತಾರೆ, ಕೆಲವರು ಅಗ್ನಿಶಿಖೆಗೆ. ಎರಡೂ ಒಂದೇ ಕಾಲದಲ್ಲಿ ಅರಳುತ್ತವೆ. ಕರ್ಣಕುಂಡಲ ಮೆದು ಕಾಂಡದ ಗಿಡ, ಬಲಿತ ಕಾಯಿ ಮುಟ್ಟಿದರೆ ಪಟ್ಟನೆ ಒಡೆದು ಬೀಜ ಸಿಡಿಯುತ್ತದೆ. ಅಗ್ನಿಶಿಖೆ ಬಳ್ಳಿ. ಎಲೆಯ ತುದಿಯೇ ಸುರುಳಿಯಾಗಿ ಬೇಲಿ ಹಿಡಿಯುತ್ತದೆ. ಅಲೆಯಂಚಿನ ಆರು ಎಸಳು ಹಿಂದಕ್ಕೆ ಬಾಗಿ ಮೇಲೆದ್ದಿರುತ್ತವೆ, ಹಸಿರು ಹಳದಿಯಲ್ಲಿ ಅರಳಿ ದಿನ ಕಳೆದಂತೆ ಕೆಂಪಾಗುತ್ತವೆ.

ಅಗ್ನಿಶಿಖೆಯ ಗೆಡ್ಡೆ ಮತ್ತು ಬೀಜದಲ್ಲಿ ಕೊಲ್ಚಿಸಿನ್ ಎಂಬ ತೀವ್ರ ವಿಷವಿದೆ. ಗೆಡ್ಡೆ ನೋಡಲು ಗೆಣಸಿನಂತೆಯೇ ಇರುತ್ತದೆ. ತಿಂದ ಕೂಡಲೇ ಏನೂ ಆಗುವುದಿಲ್ಲ, ಕೆಲವು ಗಂಟೆ ಕಳೆದು ವಾಂತಿ ಭೇದಿ ಶುರುವಾಗುತ್ತದೆ, ಜೀವಕ್ಕೇ ಅಪಾಯವಾಗಬಹುದು. ಹಾಗೇನಾದರೂ ಆದರೆ ಮನೆಮದ್ದು ಮಾಡುತ್ತ ಕೂರದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಗಿಡದ ಫೋಟೊ ಅಥವಾ ತುಂಡನ್ನು ಜೊತೆಗೇ ಕೊಂಡುಹೋದರೆ ವೈದ್ಯರಿಗೆ ಸಹಾಯ.

ಇನ್ನೊಂದು ಗೊಂದಲ ಶಂಖಪುಷ್ಪದ್ದು. ನಮ್ಮಲ್ಲಿ ಶಂಖಪುಷ್ಪ ಅಂದರೆ ಬೇಲಿಗೆ ಹಬ್ಬುವ, ಹೆಬ್ಬೆರಳಿಗಿಂತ ದೊಡ್ಡ ನೀಲಿ ಹೂವಿನ ಬಳ್ಳಿ. ಈಗ ನೀಲಿ ಚಹಾ ಮಾಡುವುದು ಇದರಿಂದಲೇ. ಉತ್ತರ ಭಾರತದ ಪುಡಿ ಪೊಟ್ಟಣದ ಮೇಲೆ 'ಶಂಖಪುಷ್ಪಿ' ಅಂತ ಇದ್ದರೆ ಅದು ಬೇರೆಯೇ ಗಿಡ ಆಗಿರಬಹುದು. ಆ ಹೆಸರಿನಲ್ಲಿ ಬಳಸುವ ಗಿಡಗಳಲ್ಲಿ ನಮ್ಮ ವಿಷ್ಣುಕ್ರಾಂತಿಯೂ ಒಂದು. ವಿಷ್ಣುಕ್ರಾಂತಿ ನೆಲದಲ್ಲಿ ಹರಡುವ ರೋಮದ ಪುಟ್ಟ ಗಿಡ, ಅದರ ಹೂ ಅಂಗಿ ಗುಂಡಿಗಿಂತ ದೊಡ್ಡದಿರುವುದಿಲ್ಲ. ಗ್ರಂದಿಗೆ ಅಂಗಡಿಯವರು ಈ ವ್ಯತ್ಯಾಸ ತಿಳಿದಿದ್ದರೆ ಗಿರಾಕಿಗೂ ಒಳ್ಳೆಯದು.

ಮೂರನೆಯದು ತಲೆಗೂದಲ ಎಣ್ಣೆಗೆ ಹಾಕುವ ಗರುಗ. ನಿಜವಾದ ಗರುಗದ ಎಲೆ ಎದುರುಬದುರು, ಹೂ ಒಂದು ಸೆಂಟಿಮೀಟರ್‌ಗಿಂತ ಚಿಕ್ಕದು, ಬಿಳಿ. ಕಾಂಡ ಜಜ್ಜಿದರೆ ರಸ ಕಪ್ಪಗಾಗುತ್ತದೆ. ರಸ್ತೆ ಬದಿಯಲ್ಲಿ ಗೇಣುದ್ದದ ತೊಟ್ಟಿನ ತುದಿಗೆ ಒಂದೇ ಹೂ ಹೊತ್ತು ನಿಲ್ಲುವುದು ಟ್ರೈಡ್ಯಾಕ್ಸ್. ಅದರ ನಡು ಹಳದಿ, ಸುತ್ತಲಿನ ಎಸಳಿಗೆ ಮೂರು ಹಲ್ಲು. ಹೆದ್ದಾರಿ ಡಿವೈಡರ್‌ನಲ್ಲಿ ನೆಟ್ಟು ಈಗ ತೋಡಿನ ಬದಿಗೆಲ್ಲ ಹಬ್ಬಿರುವ ಹಳದಿ ಹೂ ವೆಡೇಲಿಯಾ. ಇವೆರಡೂ ಅಮೆರಿಕ ಖಂಡದಿಂದ ಬಂದವು. ಎಣ್ಣೆಗೆ ಹಾಕುವ ಗರುಗ ಇವಲ್ಲ.

ಆಪ್ ಹೇಳಿದ್ದೇ ಹೆಸರಾ?

ಗೂಗಲ್ ಲೆನ್ಸ್, ಪ್ಲಾಂಟ್‌ನೆಟ್ ಥರದ ಆಪ್‌ಗಳು ಒಳ್ಳೆಯ ಆರಂಭ. ಆದರೆ ಅವು ಮಾಡುವುದು ಹೋಲಿಕೆ ಮಾತ್ರ. ಜಗತ್ತಿನಲ್ಲೆಲ್ಲ ಸಿಗುವ ತೋಟದ ಹೂಗಳ ಫೋಟೊ ಅವುಗಳಲ್ಲಿ ರಾಶಿ ಇದೆ, ಪಾದೆಯ ಸಣ್ಣ ಹೂಗಳದ್ದು ಕಡಿಮೆ. ಎರಿಯೊಕಾಲಾನ್‌ನಂಥ ಗಿಡದ ಜಾತಿ ಹೇಳಲು ಸಸ್ಯಶಾಸ್ತ್ರಜ್ಞರಿಗೂ ಸೂಕ್ಷ್ಮದರ್ಶಕ ಬೇಕಾಗುತ್ತದೆ. ಆಪ್ ಒಂದು ಸೆಕೆಂಡಿನಲ್ಲಿ ಹೆಸರು ಹೇಳಿತು ಅಂದರೆ ಅನುಮಾನ ಇರಲಿ. ಆಪ್ ಹೇಳಿದ ಹೆಸರು ನಂಬಿ ಯಾವ ಸೊಪ್ಪನ್ನೂ, ಗೆಡ್ಡೆಯನ್ನೂ ತಿನ್ನಬೇಡಿ.

ಐನ್ಯಾಚುರಲಿಸ್ಟ್ ಮತ್ತು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲಿ ಫೋಟೊ ಹಾಕಿದರೆ ಗಿಡ ಬಲ್ಲ ಮನುಷ್ಯರೇ ನೋಡಿ ಹೆಸರು ಹೇಳುತ್ತಾರೆ, ತಪ್ಪಿದ್ದರೆ ತಿದ್ದುತ್ತಾರೆ. ಪುಸ್ತಕ ಬೇಕೆಂದರೆ ನಮ್ಮ ಜಿಲ್ಲೆ ಅದೃಷ್ಟವಂತ. ಪೂರ್ಣಪ್ರಜ್ಞ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಪ್ರೊ. ಕೆ. ಗೋಪಾಲಕೃಷ್ಣ ಭಟ್ ಅವರ 'ಫ್ಲೋರಾ ಆಫ್ ಉಡುಪಿ' 2003ರಲ್ಲೇ ಬಂದಿದೆ. ಒಂದು ಜಿಲ್ಲೆಯ ಗಿಡಗಳ ಬಗ್ಗೆ ಇಂಥ ಪುಸ್ತಕ ಎಲ್ಲ ಕಡೆ ಇಲ್ಲ.

ಹೋಗುವಾಗ ಎಚ್ಚರ

ಪಾದೆಯ ಅಂಚಿನಲ್ಲಿ ಹಳೇ ಕಲ್ಲುಕೋರೆ ಹೊಂಡಗಳಿರುತ್ತವೆ. ಮಳೆಗಾಲದಲ್ಲಿ ನೀರು ತುಂಬಿ ಆಳ ಗೊತ್ತಾಗುವುದಿಲ್ಲ, ಬದಿ ಜಾರುತ್ತದೆ. ಫೋಟೊದ ಗಮನದಲ್ಲಿ ಹಿಂದೆ ಹಿಂದೆ ಹೆಜ್ಜೆ ಇಡುವುದು ಅಲ್ಲಿ ಜೀವಕ್ಕೆ ಕುತ್ತು. ಮಕ್ಕಳನ್ನು ಕರೆದೊಯ್ದರೆ ಕೈ ಬಿಡಬೇಡಿ. ಸೆಪ್ಟೆಂಬರ್ ನಂತರ ಮಧ್ಯಾಹ್ನ ಮೇಲೆ ಗುಡುಗು ಶುರುವಾದರೆ ಬಯಲಿನಲ್ಲಿ ನಿಲ್ಲದೆ ಇಳಿದು ಬನ್ನಿ. ಕಾಲಿಗೆ ಬೂಟು ಇರಲಿ, ಹುಲ್ಲಿನೊಳಗೆ ಕೈ ಹಾಕುವ ಮುಂಚೆ ನೋಡಿ.

ಕಾಲ್ದಾರಿ ಇದ್ದರೆ ಅದರಲ್ಲೇ ನಡೆಯಿರಿ. ಬೈಕ್, ಜೀಪು ಪಾದೆಯ ಮೇಲೆ ಹತ್ತಿಸಬೇಡಿ. ಬೆರಳು ದಪ್ಪದ ಮಣ್ಣಿನ ಮೇಲೆ ಒಂದು ಟಯರಿನ ಗುರುತು ಬಿದ್ದರೆ ಆ ಸಾಲಿನಲ್ಲಿ ಗಿಡ ಬರುವುದು ಕಷ್ಟ. ಖಾಸಗಿ ಜಾಗವಾದರೆ ಮನೆಯವರನ್ನು ಕೇಳಿ ಹೋಗಿ, ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅಪರೂಪದ ಸೀತಾಳೆ ಸಿಕ್ಕಿದರೆ ಊರಿನ ಹೆಸರಷ್ಟೇ ಹೇಳಿ, ಮರದ ಲೊಕೇಶನ್ ಫೇಸ್‌ಬುಕ್‌ಗೆ ಹಾಕಬೇಡಿ. ಕಿತ್ತು ಮಾರುವವರೂ ಅದನ್ನು ನೋಡುತ್ತಾರೆ.

ಫೋಟೊ ಮೊಬೈಲಿನಲ್ಲೇ ಉಳಿದರೆ?

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತ್, ನಗರಸಭೆ, ಪುರಸಭೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ತನ್ನ ವ್ಯಾಪ್ತಿಯ ಗಿಡ, ಮರ, ಪ್ರಾಣಿ, ಊರವರ ತಿಳಿವಳಿಕೆ ಎಲ್ಲವನ್ನೂ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡುವುದು ಅದರ ಕೆಲಸ. ಆ ಪುಸ್ತಕದಲ್ಲಿ ಮಾವು, ಹಲಸು, ಗೇರು ಸುಲಭವಾಗಿ ಸೇರುತ್ತವೆ. ವರ್ಷಕ್ಕೆ ಎರಡು ತಿಂಗಳು ಮಾತ್ರ ಕಾಣುವ ಪಾದೆಯ ಹೂ ಸೇರಬೇಕಾದರೆ ಆ ಎರಡು ತಿಂಗಳಲ್ಲಿ ಯಾರಾದರೂ ಅಲ್ಲಿಗೆ ಹೋಗಿರಬೇಕು.

ನೀವು ತೆಗೆದ ಐದು ಫೋಟೊ, ತಾರೀಕು, ಜಾಗ, ಅಜ್ಜಿ ಹೇಳಿದ ಹೆಸರು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಪಂಚಾಯತ್ ಕಚೇರಿಗೆ ಕೊಡಬಹುದು. ಗ್ರಾಮಸಭೆಯಲ್ಲಿ ನಮ್ಮ ಊರಿನ ದಾಖಲಾತಿ ಎಲ್ಲಿದೆ, ಪಾದೆಯ ಗಿಡಗಳು ಅದರಲ್ಲಿ ಇವೆಯಾ ಅಂತ ಕೇಳಬಹುದು. ಶಾಲೆಯ ಮೇಷ್ಟ್ರು, ಅಂಗಡಿಯವರು, ಹಾಲು ಡೈರಿಗೆ ಹೋಗುವವರು ಯಾರು ಬೇಕಾದರೂ ಈ ಕೆಲಸ ಮಾಡಬಹುದು. ಒಂದೇ ಪಾದೆಗೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಹೋದರೆ ಹತ್ತು ಸಲ ಆಯಿತು. ಅಷ್ಟರಲ್ಲಿ ಅಲ್ಲಿ ಏನೇನಿದೆ ಎನ್ನುವ ಪಟ್ಟಿ ತಯಾರಾಗುತ್ತದೆ.

ಒಮ್ಮೆ ಕಲ್ಲು ಕಡಿದು ತೆಗೆದ ಪಾದೆಯಲ್ಲಿ ಆ ಹೂ ಮತ್ತೆ ಬರುವುದಿಲ್ಲ. ಮನೆ ಕಟ್ಟಲು ಕಲ್ಲು ಬೇಕು ನಿಜ. ಎಲ್ಲಿ ಕಡಿಯಬೇಕು, ಯಾವುದನ್ನು ಬಿಡಬೇಕು ಅಂತ ಊರು ಕೂತು ಮಾತಾಡುವ ದಿನ ಬಂದಾಗ "ಅಲ್ಲಿ ಏನೂ ಇಲ್ಲ" ಎನ್ನುವ ಮಾತಿಗೆ ಎದುರಾಗಿ ಇಡಲು ಒಂದು ಪಟ್ಟಿಯಾದರೂ ಇರಬೇಕು.